ಅಡಿಗೆಮನೆಗೆ ಎರಡು ಕಿಂಡಿಗಳು

ಹಳೆಯ ಅಡಿಗೆಮನೆಯನ್ನು ಮಾರ್ಪಡಿಸ ಹೊರಟವರು ಮೊದಲು ಕಲ್ಲು, ಕಪಾಟು, ಬಣ್ಣಗಳನ್ನು ಕುರಿತು ಯೋಚಿಸುವರು. ಆದರೆ ಗೋಡೆಯನ್ನು ಒಡೆಯುವ ಮುನ್ನ ನಿರ್ಧರಿಸಬೇಕಾದುದು ಗಾಳಿಯ ದಾರಿಯನ್ನು.

ಕಾದ ಗಾಳಿಯು ಹಿಗ್ಗಿ ಹಗುರವಾಗುತ್ತದೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರು ಗಾಳಿಯ ತೂಕ ಸುಮಾರು 1.16 ಕಿಲೋಗ್ರಾಂ, 60 ಡಿಗ್ರಿಯಲ್ಲಿ ಸುಮಾರು 1.06. ಒಲೆಯ ಹಬೆಯೂ ಒಗ್ಗರಣೆಯ ಘಾಟೂ ಮೇಲೇರುವುದಕ್ಕೆ ಈ ಅಂತರವೇ ಕಾರಣ. ಆದುದರಿಂದ ಒಂದು ಕಿಂಡಿಯು ಒಲೆಯ ಮೇಲ್ಗಡೆ, ಸೂರಿನ ಸಮೀಪದಲ್ಲಿರಬೇಕು.

ಇಷ್ಟರಿಂದಲೇ ಕೆಲಸ ಮುಗಿಯಿತೆ? ಇಲ್ಲ. ಸಿಲಿಂಡರಿನ ಅನಿಲದ ಸ್ವಭಾವವೇ ಬೇರೆ. ಗಾಳಿಯ ಸರಾಸರಿ ಅಣುತೂಕ 29. ಈ ಅನಿಲದಲ್ಲಿರುವ ಪ್ರೊಪೇನಿನದು 44, ಬ್ಯೂಟೇನಿನದು 58. ಸೋರಿದ ಅನಿಲವು ಮೇಲೇರದೆ, ನೀರಿನಂತೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಅಲ್ಲಿ ಒಂದು ಕಿಡಿ ಬಿದ್ದರೆ ಸಾಕು, ಅನಾಹುತವಾಗುವುದು. ಸೂರಿನ ಕಿಂಡಿಯು ಇದನ್ನು ತಡೆಯಲಾರದು.

ಆದುದರಿಂದ ನೆಲದ ಮಟ್ಟದಲ್ಲಿಯೂ, ಹೊರಗಿನ ಬಯಲಿಗೆ ತೆರೆದಿರುವ ಜಾಲರಿಯ ಕಿಂಡಿಯೊಂದು ಅವಶ್ಯಕ. ಒಲೆ ಉರಿಯುವಾಗ ಹೊಸ ಗಾಳಿಯು ಅದರ ಮೂಲಕ ಒಳಬರುವುದು. ಅನಿಲ ಸೋರಿದರೆ ಅದೇ ಅದಕ್ಕೆ ಹೊರದಾರಿಯಾಗುವುದು. ಸಿಲಿಂಡರನ್ನು ಕುಳಿಯಲ್ಲಿಯಾಗಲಿ, ಗಾಳಿಯಾಡದ ಕಪಾಟಿನಲ್ಲಿಯಾಗಲಿ ಇಡಲೇಬಾರದು. ನಿಮ್ಮ ಮನೆಯಲ್ಲಿ ಇಂಥ ಕೆಲಸ ನಡೆಯುವುದಾದರೆ, ಮೇಸ್ತ್ರಿಗೆ ಕೊಡುವ ನಕ್ಷೆಯಲ್ಲಿ ಈ ಎರಡು ಕಿಂಡಿಗಳನ್ನು ಮೊದಲು ಗುರುತಿಸಿರಿ.