ಬೆಳೆದ ಮಕ್ಕಳಿಗೆ ಮೆಲನೋಮ: ಆರೈಕೆಯಲ್ಲಿ ಹೆತ್ತವರ ಪಾಲು ಎಷ್ಟು?

ಬೆಂಗಳೂರು: ಮುಪ್ಪಿನಲ್ಲಿ ಮಕ್ಕಳು ನೋಡಿಕೊಳ್ಳುತ್ತಾರೆಂಬ ಲೆಕ್ಕಾಚಾರದ ಮೇಲೆಯೇ ನಗರದ ಮಧ್ಯಮವರ್ಗದ ಸಂಸಾರಗಳು ನಿಂತಿವೆ. ಕನಕಪುರ ರಸ್ತೆಯ ಆಚೀಚೆ ಹಬ್ಬಿರುವ ಜರಗನಹಳ್ಳಿ, ಸಾರಕ್ಕಿ, ಜೆ.ಪಿ. ನಗರ 6ನೇ ಹಂತದ ಬೀದಿಗಳಲ್ಲಿ ಇದು ಸಾಮಾನ್ಯ ಚಿತ್ರ. ನಿವೃತ್ತಿಯ ಹಣ ಸುರಿದು ಕಟ್ಟಿದ ಮನೆಯ ಕೆಳಗೆ ತಂದೆತಾಯಿ, ಮೇಲೆ ಬಾಡಿಗೆಯವರು, ಮಗನೋ ಮಗಳೋ ಕೆಲಸಕ್ಕೆ ಹತ್ತಿರವೆಂದು ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ. ಮೂವತ್ತೈದರ ಆ ಮಗನಿಗೆ ನಾಲ್ಕನೇ ಹಂತದ ಕ್ಯಾನ್ಸರ್ ಎಂದು ತಿಳಿದ ದಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಆತ ತಟ್ಟೆ ಬಟ್ಟೆಗಳೊಂದಿಗೆ ತಂದೆಯ ಮನೆಗೆ ಮರಳುತ್ತಾನೆ. ಅರವತ್ತೈದರ ತಾಯಿ ಮತ್ತೊಮ್ಮೆ ಬಾಣಂತನದ ಕಾಲಕ್ಕೆ ಹೋದವಳಂತೆ ಅವನ ಊಟ, ನಿದ್ರೆ, ಔಷಧಗಳನ್ನೆಲ್ಲ ಕೈಗೆತ್ತಿಕೊಳ್ಳುತ್ತಾಳೆ. ಆದರೆ ಆತ ಮಗನೇ ಹೊರತು ಮಗುವಲ್ಲ. ಆರೈಕೆ ಎಲ್ಲಿಯವರೆಗೆ, ಅಧಿಕಾರ ಎಲ್ಲಿಂದ ಎಂಬ ಪ್ರಶ್ನೆ ಆಗ ಏಳುತ್ತದೆ. ಮೆಲನೋಮ ಎಂಬ ಅಪರೂಪದ ಚರ್ಮದ ಕ್ಯಾನ್ಸರಿನಲ್ಲಿ ಈ ಪ್ರಶ್ನೆ ಇನ್ನಷ್ಟು ಕಠಿಣವಾಗಿದೆ. ಏಕೆಂದರೆ ಹದಿನೈದು ವರ್ಷಗಳ ಹಿಂದೆ ತಿಂಗಳುಗಳಲ್ಲಿ ಮುಗಿದುಹೋಗುತ್ತಿದ್ದ ಕಾಯಿಲೆ ಇಂದು ಕೆಲವರಲ್ಲಿ ವರ್ಷಗಟ್ಟಲೆ ನಡೆಯುವ ಚಿಕಿತ್ಸೆಯಾಗಿದೆ. ಯಾರಲ್ಲಿ ಎಂಬುದನ್ನು ಮೊದಲೇ ಹೇಳಲು ಬರುವುದಿಲ್ಲ.

ಅಂಗಾಲಿನ ಕಪ್ಪು ಕಲೆ

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಕೋಶಗಳು ಹದ್ದುಮೀರಿ ಬೆಳೆಯುವುದೇ ಮೆಲನೋಮ. ಬಿಳಿಯರ ದೇಶಗಳಲ್ಲಿ ಇದು ಬಿಸಿಲಿನ ಕಾಯಿಲೆಯೆಂದೇ ಹೆಸರುವಾಸಿ. ಭಾರತೀಯರಲ್ಲಿ ಇದು ಬಹಳ ಅಪರೂಪ. ಬಂದಾಗಲೂ ಹೆಚ್ಚಾಗಿ ಬಿಸಿಲು ತಾಗದ ಜಾಗಗಳಲ್ಲೇ, ಅಂದರೆ ಅಂಗಾಲು, ಅಂಗೈ, ಉಗುರಿನ ಬುಡ, ಬಾಯಿ ಮತ್ತು ಮೂಗಿನ ಒಳಪದರ, ಗುದದ್ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅಂಗಾಲಿನ ಕಲೆಯನ್ನು ಆಣಿಯೆಂದೋ, ಉಗುರಿನ ಕಪ್ಪನ್ನು ಉಗುರುಸುತ್ತು ಅಥವಾ ಪೆಟ್ಟಿನ ಗುರುತೆಂದೋ ತಿಳಿದು ತಿಂಗಳುಗಟ್ಟಲೆ ಮುಲಾಮು ಹಚ್ಚುವುದುಂಟು. ಬಯಾಪ್ಸಿಯ ವೇಳೆಗೆ ತೊಡೆಸಂದಿಯ ದುಗ್ಧಗ್ರಂಥಿಗಳಿಗೆ, ಅಲ್ಲಿಂದ ಶ್ವಾಸಕೋಶ, ಯಕೃತ್ತು, ಮಿದುಳಿಗೆ ಕಾಯಿಲೆ ಹರಡಿರುತ್ತದೆ. ಜಮೈಕಾದ ಗಾಯಕ ಬಾಬ್ ಮಾರ್ಲಿಯವರಿಗೆ 1977ರಲ್ಲಿ ಕಾಲಿನ ಹೆಬ್ಬೆರಳಿನ ಉಗುರಿನ ಕೆಳಗೆ ಪತ್ತೆಯಾದದ್ದು ಇದೇ ಬಗೆಯ ಮೆಲನೋಮ. 1981ರ ಮೇ 11ರಂದು, 36ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕೊನೆಯ ತಿಂಗಳುಗಳಲ್ಲಿ ಜರ್ಮನಿಯ ಚಿಕಿತ್ಸಾಲಯವೊಂದರಲ್ಲಿ ಅವರ ಹಾಸಿಗೆಯ ಬಳಿ ಇದ್ದವರಲ್ಲಿ ತಾಯಿ ಸೆಡೆಲ್ಲಾ ಬೂಕರ್ ಒಬ್ಬರು.

ಮೂವತ್ತು ವರ್ಷಗಳ ಕಾಲ, ಹರಡಿದ ಮೆಲನೋಮಕ್ಕೆ ವೈದ್ಯರ ಕೈಯಲ್ಲಿದ್ದ ಮುಖ್ಯ ಔಷಧ ಡಕಾರ್ಬಜೀನ್ ಎಂಬ ಕಿಮೋಥೆರಪಿ. ಅದರಿಂದ ಪ್ರಯೋಜನ ಪಡೆದವರು ಕೆಲವೇ ಮಂದಿ. 2011ರಲ್ಲಿ ಅಮೆರಿಕದಲ್ಲಿ ಇಪಿಲಿಮುಮಾಬ್, 2014ರಲ್ಲಿ ಪೆಂಬ್ರೋಲಿಜುಮಾಬ್ ಮತ್ತು ನಿವೊಲುಮಾಬ್ ಔಷಧಗಳಿಗೆ ಅನುಮತಿ ದೊರೆತ ಮೇಲೆ ಚಿತ್ರ ಬದಲಾಯಿತು. ಇವು ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲುವುದಿಲ್ಲ. ದೇಹದ ರೋಗನಿರೋಧಕ ಕೋಶಗಳಿಗೆ ಇರುವ ಸಹಜ ಕಡಿವಾಣವನ್ನು ಸಡಿಲಿಸಿ, ಅವೇ ಕ್ಯಾನ್ಸರನ್ನು ಗುರುತಿಸಿ ದಾಳಿ ಮಾಡುವಂತೆ ಮಾಡುತ್ತವೆ. ಈ ಕಡಿವಾಣದ ಗುಟ್ಟನ್ನು ಬಿಡಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ವೈದ್ಯಕೀಯ ನೊಬೆಲ್ ಸಂದಿತು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ 2015ರಲ್ಲಿ ಮಿದುಳಿಗೆ ಹರಡಿದ ಮೆಲನೋಮ ಇತ್ತು. ಇದೇ ಗುಂಪಿನ ಔಷಧ ಪಡೆದ ಅವರು 2024ರ ಡಿಸೆಂಬರಿನವರೆಗೆ, ನೂರು ವರ್ಷ ತುಂಬುವವರೆಗೆ ಬದುಕಿದ್ದರು.

945 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದರ ಹತ್ತು ವರ್ಷಗಳ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ನಿವೊಲುಮಾಬ್ ಮತ್ತು ಇಪಿಲಿಮುಮಾಬ್ ಜೋಡಿಯನ್ನು ಪಡೆದವರಲ್ಲಿ ಶೇ 43ರಷ್ಟು, ನಿವೊಲುಮಾಬ್ ಒಂದನ್ನೇ ಪಡೆದವರಲ್ಲಿ ಶೇ 37ರಷ್ಟು ಮಂದಿ ಹತ್ತು ವರ್ಷಗಳ ನಂತರವೂ ಬದುಕಿದ್ದರು. ಇಂಥ ಅಂಕಿಅಂಶ ಇಂಟರ್ನೆಟ್ಟಿನಲ್ಲಿ ಕಣ್ಣಿಗೆ ಬಿದ್ದ ತಂದೆ, ಮರುದಿನವೇ ನಿವೇಶನ ಮಾರಲು ಹೊರಟರೆ ಆಶ್ಚರ್ಯವಿಲ್ಲ. ಆದರೆ ಆ ಅಧ್ಯಯನದಲ್ಲಿದ್ದವರು ಬಹುತೇಕ ಬಿಳಿಯರು. ಅಂಗಾಲು ಮತ್ತು ಒಳಪದರದ ಮೆಲನೋಮ ಈ ಔಷಧಗಳಿಗೆ ಅಷ್ಟು ಚೆನ್ನಾಗಿ ಸ್ಪಂದಿಸುವುದಿಲ್ಲ. ಆದ್ದರಿಂದ ಹಣ ಹೊಂದಿಸುವ ಮೊದಲು ವೈದ್ಯರನ್ನು ಕೇಳಬೇಕಾದ ಪ್ರಶ್ನೆ 'ಈ ಔಷಧ ಒಳ್ಳೆಯದೇ?' ಎಂಬುದಲ್ಲ, 'ಈ ಬಗೆಯ ಮೆಲನೋಮಕ್ಕೆ, ಈ ರೋಗಿಗೆ ಇದರಿಂದ ಏನನ್ನು ನಿರೀಕ್ಷಿಸಬಹುದು, ಎಷ್ಟು ತಿಂಗಳಲ್ಲಿ ತಿಳಿಯುತ್ತದೆ?' ಎಂಬುದು.

ವಂಶವಾಹಿ ಪರೀಕ್ಷೆಯನ್ನೂ ಮರೆಯಬಾರದು. ಬಿಆರ್‌ಎಎಫ್ ಎಂಬ ವಂಶವಾಹಿಯಲ್ಲಿ ದೋಷವಿದ್ದರೆ ಡಬ್ರಾಫೆನಿಬ್, ಟ್ರಾಮೆಟಿನಿಬ್ ಜೋಡಿ ಮಾತ್ರೆಗಳು ಕೆಲಸ ಮಾಡುತ್ತವೆ. ಬಿಳಿಯರ ಚರ್ಮದ ಮೆಲನೋಮದಲ್ಲಿ ಅರ್ಧದಷ್ಟು ಮಂದಿಗೆ ಈ ದೋಷವಿದ್ದರೆ, ಅಂಗಾಲಿನ ಮೆಲನೋಮದಲ್ಲಿ ಬಹಳ ಕಡಿಮೆ. ಅಂಗಾಲು ಮತ್ತು ಒಳಪದರದ ಮೆಲನೋಮವಿರುವ ಕೆಲವರಲ್ಲಿ ಕಿಟ್ ಎಂಬ ಇನ್ನೊಂದು ವಂಶವಾಹಿಯ ದೋಷ ಸಿಗುತ್ತದೆ. ಅಂಥವರಲ್ಲಿ ಒಂದು ಪಾಲಿಗೆ ಇಮಾಟಿನಿಬ್ ಮಾತ್ರೆ ಫಲ ಕೊಡುತ್ತದೆ. ಸುಪ್ರೀಂ ಕೋರ್ಟಿನ 2013ರ ಏಪ್ರಿಲ್ ತೀರ್ಪಿನಿಂದ ಹೆಸರಾದ ಆ ಮಾತ್ರೆಯನ್ನು ಭಾರತದ ಕಂಪನಿಗಳೇ ತಯಾರಿಸುವುದರಿಂದ ಬೆಲೆ ಕೈಗೆಟುಕುವಂತಿದೆ. ದುಬಾರಿ ಔಷಧಗಳ ಈ ಲೋಕದಲ್ಲಿ ಇದೊಂದು ಅಪರೂಪದ ಅಪವಾದ.

ಕಡಿವಾಣ ಸಡಿಲಿದ ಮೇಲೆ

ಇಮ್ಯೂನೋಥೆರಪಿ ಪಡೆಯುವವರು ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ. ಎರಡು, ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಹೋಗಿ, ಡ್ರಿಪ್ ಹಾಕಿಸಿಕೊಂಡು ಸಂಜೆಗೆ ಮನೆಗೆ ಬರಬಹುದು. ಹೊಸೂರು ರಸ್ತೆಯಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಾಗಲಿ, ಬಸವನಗುಡಿಯ ಶ್ರೀ ಶಂಕರ ಕ್ಯಾನ್ಸರ್ ಆಸ್ಪತ್ರೆಯಾಗಲಿ ಜರಗನಹಳ್ಳಿಯಿಂದ ಹತ್ತು ಕಿಲೋಮೀಟರಿನೊಳಗೇ ಇವೆ. ಕೂದಲು ಉದುರುವುದಿಲ್ಲ, ವಾಂತಿ ಹೆಚ್ಚಿಲ್ಲ. ನೆಂಟರು 'ಚೆನ್ನಾಗೇ ಇದ್ದಾನಲ್ಲ' ಎನ್ನುತ್ತಾರೆ. ಅಪಾಯ ಬರುವುದು ಬೇರೆ ದಾರಿಯಿಂದ, ಮತ್ತು ಅದು ಬರುವುದು ಮನೆಯಲ್ಲಿರುವಾಗ. ಕಡಿವಾಣ ಕಳಚಿಕೊಂಡ ರೋಗನಿರೋಧಕ ಕೋಶಗಳು ದೇಹದ ಸ್ವಂತ ಅಂಗಗಳ ಮೇಲೂ ಎರಗಬಹುದು. ದೊಡ್ಡ ಕರುಳಿನ ಮೇಲೆ ಎರಗಿದರೆ ಭೇದಿ, ಶ್ವಾಸಕೋಶದ ಮೇಲಾದರೆ ಒಣಕೆಮ್ಮು ಮತ್ತು ಏದುಸಿರು, ಯಕೃತ್ತಿನ ಮೇಲಾದರೆ ಕಾಮಾಲೆ, ಥೈರಾಯ್ಡ್ ಮತ್ತು ಪಿಟ್ಯುಟರಿ ಗ್ರಂಥಿಗಳ ಮೇಲಾದರೆ ವಿಪರೀತ ಸುಸ್ತು, ತಲೆನೋವು. ಅಪರೂಪಕ್ಕೆ ಹೃದಯದ ಸ್ನಾಯುವಿಗೂ ಉರಿಯೂತ ತಗಲುತ್ತದೆ. ಇವು ಮೊದಲ ಡ್ರಿಪ್ ಆದ ಕೆಲವೇ ವಾರಗಳಲ್ಲಿ ಬರಬಹುದು, ಚಿಕಿತ್ಸೆ ನಿಲ್ಲಿಸಿ ತಿಂಗಳುಗಳಾದ ಮೇಲೂ ಬರಬಹುದು.

ಹೆತ್ತವರ ನಿಜವಾದ ಕೆಲಸ ಇರುವುದು ಇಲ್ಲಿ. ಭೇದಿಯಾದರೆ ಮನೆಯಲ್ಲಿ ದಾಳಿಂಬೆ ಸಿಪ್ಪೆಯ ಕಷಾಯ, ಮಜ್ಜಿಗೆ, ಅನ್ನದ ಗಂಜಿ. ಮರುದಿನ ಬೀದಿಯ ಕೊನೆಯ ಕ್ಲಿನಿಕ್ಕಿನಿಂದ ಆಂಟಿಬಯಾಟಿಕ್. ಉಳಿದವರಿಗೆ ಇದು ಸಾಕು. ಇಮ್ಯೂನೋಥೆರಪಿಯಲ್ಲಿರುವವರಿಗೆ ಎಂದಿಗಿಂತ ನಾಲ್ಕು ಸಲ ಹೆಚ್ಚು ಭೇದಿಯಾಯಿತೆಂದರೆ ಅಂದೇ ಕ್ಯಾನ್ಸರ್ ವೈದ್ಯರಿಗೆ ತಿಳಿಸಬೇಕು. ಅದಕ್ಕೆ ಬೇಕಾದದ್ದು ಆಂಟಿಬಯಾಟಿಕ್ ಅಲ್ಲ, ಬಹುಮಟ್ಟಿಗೆ ಸ್ಟೀರಾಯ್ಡ್. ತಡವಾದರೆ ಕರುಳಿಗೆ ತೂತು ಬೀಳುವ ಅಪಾಯವಿದೆ. ಭಾನುವಾರ ರಾತ್ರಿ ಯಾವುದೋ ನರ್ಸಿಂಗ್ ಹೋಮಿಗೆ ಹೋದಾಗಲೂ ಮೊದಲ ಮಾತು 'ಇಮ್ಯೂನೋಥೆರಪಿ ನಡೆಯುತ್ತಿದೆ, ಕಿಮೋ ಅಲ್ಲ' ಎಂದಿರಬೇಕು. ಔಷಧದ ಹೆಸರು ಮತ್ತು ಕೊನೆಯ ಡ್ರಿಪ್ಪಿನ ದಿನಾಂಕ ಬರೆದ ಚೀಟಿ ಕಿಸೆಯಲ್ಲಿರಬೇಕು. ಸ್ಟೀರಾಯ್ಡನ್ನು ಮೈ ಊದುತ್ತದೆಂದು ನಡುವೆ ಬಿಡುವಂತಿಲ್ಲ. ವೈದ್ಯರು ಹೇಳಿದಂತೆ ವಾರಗಳ ಅವಧಿಯಲ್ಲಿ ಇಳಿಸುತ್ತಾ ಬರಬೇಕು. ಅದರಿಂದ ಸಕ್ಕರೆ ಅಂಶ ಏರುವುದುಂಟು. ತಂದೆಯ ಮಧುಮೇಹಕ್ಕೆಂದು ತಂದ ಗ್ಲೂಕೋಮೀಟರ್ ಆಗ ಮಗನಿಗೂ ಉಪಯೋಗಕ್ಕೆ ಬರುತ್ತದೆ.

ಹೇಳಿದರೆ ಚಿಕಿತ್ಸೆಯನ್ನೇ ನಿಲ್ಲಿಸಿಬಿಡುತ್ತಾರೆಂಬ ಭಯದಿಂದ ರೋಗಿಗಳು ತೊಂದರೆಯನ್ನು ಮುಚ್ಚಿಡುವುದಿದೆ. ಜೋಡಿ ಔಷಧ ಪಡೆದವರ ಕುರಿತ 2017ರ ವಿಶ್ಲೇಷಣೆಯೊಂದು ಈ ಭಯವನ್ನು ಬಹುಮಟ್ಟಿಗೆ ಕಳೆಯುವಂತಿದೆ. ಅಡ್ಡಪರಿಣಾಮದ ಕಾರಣ ಆರಂಭದಲ್ಲೇ ಔಷಧ ನಿಲ್ಲಿಸಬೇಕಾಗಿ ಬಂದವರಿಗೆ, ಮುಂದುವರಿಸಿದವರಿಗೆ ಸಿಕ್ಕಷ್ಟೇ ಲಾಭ ಸಿಕ್ಕಿತ್ತು.

ಮಾತ್ರೆಯ ಚಿಕಿತ್ಸೆಯಲ್ಲಿರುವವರ ಮನೆಯ ಕಥೆ ಬೇರೆ. ಡಬ್ರಾಫೆನಿಬ್ ಜೋಡಿಯಲ್ಲಿ ಚಳಿ, ಜ್ವರ ಪದೇಪದೇ ಬರುತ್ತದೆ. ಟ್ರಾಮೆಟಿನಿಬ್ ಫ್ರಿಜ್ಜಿನಲ್ಲಿರಬೇಕು. ಎರಡನ್ನೂ ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಎರಡು ಗಂಟೆ ನಂತರ, ಖಾಲಿ ಹೊಟ್ಟೆಯಲ್ಲಿ ನುಂಗಬೇಕು. 'ಬರೀ ಹೊಟ್ಟೆಗೆ ಮಾತ್ರೆ ಬೇಡಪ್ಪಾ, ಎರಡು ಇಡ್ಲಿ ತಿನ್ನು' ಎನ್ನುವ ತಾಯಿಯ ಮಮತೆ ಇಲ್ಲಿ ಔಷಧ ಮೈಗೆ ಹತ್ತುವುದನ್ನೇ ತಡೆಯುತ್ತದೆ.

ಕಷಾಯದ ವಿಚಾರ ಇನ್ನೂ ಸೂಕ್ಷ್ಮ. ಸಾಗರ ತಾಲ್ಲೂಕಿನ ನರಸೀಪುರದಲ್ಲಿ ನಾಟಿ ಔಷಧಕ್ಕಾಗಿ ನಾಡಿನ ಮೂಲೆಮೂಲೆಯ ಕ್ಯಾನ್ಸರ್ ರೋಗಿಗಳು ಸಾಲುಗಟ್ಟಿ ನಿಲ್ಲುತ್ತಿದ್ದುದು ಎಲ್ಲರಿಗೂ ಗೊತ್ತು. ಬಾಬ್ ಮಾರ್ಲಿ ಜರ್ಮನಿಗೆ ಹೋದದ್ದೂ ಇಂಥದೇ ಬದಲಿ ಚಿಕಿತ್ಸೆಯನ್ನು ಅರಸಿಕೊಂಡು. ಬೇರೆ ದಾರಿ ಮುಚ್ಚಿದಾಗ ಹೆತ್ತ ಕರುಳು ಎಲ್ಲಿಗಾದರೂ ಓಡುತ್ತದೆ. ಅದನ್ನು ಮೂಢನಂಬಿಕೆಯೆಂದು ಹಂಗಿಸುವುದು ಸುಲಭ, ನ್ಯಾಯವಲ್ಲ. ಆದರೆ 'ಇಮ್ಯೂನಿಟಿ ಹೆಚ್ಚಲಿ' ಎಂದು ಅಮೃತಬಳ್ಳಿ ಕಷಾಯ ಕೊಡುವ ಮುನ್ನ ಒಂದು ಸಂಗತಿ ತಿಳಿದಿರಬೇಕು. ಕೋವಿಡ್ ಕಾಲದಲ್ಲಿ ಅದನ್ನು ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಆ ವರದಿಯನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ನಿರೋಧಕ ಶಕ್ತಿ ಈಗಾಗಲೇ ಹದ್ದುಮೀರಬಹುದಾದ ದೇಹದಲ್ಲಿ ಯಕೃತ್ತಿನ ಪರೀಕ್ಷೆ ಏರುಪೇರಾದರೆ ಕಾರಣ ಡ್ರಿಪ್ಪೋ ಕಷಾಯವೋ ಎಂದು ತಿಳಿಯದೆ ವೈದ್ಯರು ಔಷಧವನ್ನೇ ನಿಲ್ಲಿಸಬೇಕಾಗುತ್ತದೆ. ಕೊಡುವುದಿದ್ದರೆ ವೈದ್ಯರಿಗೆ ತಿಳಿಸಿಯೇ ಕೊಡಬೇಕು.

ಯಾರ ವಿಮೆ, ಯಾರ ಹಣ?

ಚಿಕಿತ್ಸೆಯ ವೆಚ್ಚ ಲಕ್ಷಗಳಲ್ಲಿದೆ, ಅದೂ ಒಂದು ಸಲಕ್ಕಲ್ಲ. ಪೆಂಬ್ರೋಲಿಜುಮಾಬ್ ಮೇಲಿನ ಮೂಲ ಆಮದು ಸುಂಕವನ್ನು ಕೇಂದ್ರ ಸರ್ಕಾರ 2023ರ ಏಪ್ರಿಲ್ 1ರಿಂದ ಪೂರ್ತಿ ರದ್ದುಪಡಿಸಿತು. ಆದರೂ ಸಾಮಾನ್ಯ ಸಂಬಳದವರಿಗೆ ಅದು ದೂರವೇ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು 2018ರಲ್ಲಿ ಜಾರಿಯಾದಾಗ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಂತೆ ಒಂದೂವರೆ ಲಕ್ಷದವರೆಗೆ ನೆರವು ನಿಗದಿಯಾಗಿತ್ತು. ಈ ಹೊಸ ಔಷಧ ಪ್ಯಾಕೇಜಿನಲ್ಲಿ ಇದೆಯೇ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಮೊದಲೇ ವಿಚಾರಿಸಬೇಕು.

ಐಟಿ ಸಂಸಾರಗಳಲ್ಲಿ ಒಂದು ಗಂಟು ಇದೆ. ಎಷ್ಟೋ ಮನೆಗಳಲ್ಲಿ ವೃದ್ಧ ತಂದೆತಾಯಿಯ ವಿಮೆಯೂ ಮಗನ ಕಂಪನಿಯ ಗುಂಪು ಪಾಲಿಸಿಯಲ್ಲೇ ಇರುತ್ತದೆ. 'ಕೆಲಸ ಬಿಟ್ಟು ಮನೆಗೆ ಬಾ, ನಾವು ನೋಡಿಕೊಳ್ಳುತ್ತೇವೆ' ಎಂಬ ತಂದೆಯ ಮಾತು ಕೇಳಿ ಮಗ ರಾಜೀನಾಮೆ ಕೊಟ್ಟರೆ ಆ ದಿನವೇ ಮೂವರ ವಿಮೆಯೂ ಹೋಗುತ್ತದೆ. ಸಂಬಳವಿಲ್ಲದ ರಜೆಯಾದರೂ ಸರಿ, ನೌಕರಿಯಲ್ಲಿ ಹೆಸರು ಉಳಿಸಿಕೊಳ್ಳುವುದು, ಬಿಡಲೇಬೇಕಾದರೆ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ಸಾಧ್ಯವೇ ಎಂದು ಮೊದಲು ವಿಚಾರಿಸುವುದು ಜಾಣತನ. ಮನೆ ಮಾರುವ ಮಾತು ಬಂದಾಗ ಮಗನೇ ಬೇಡವೆನ್ನುವುದೂ ಉಂಟು. ಅದನ್ನು ಹತಾಶೆಯೆಂದು ತಳ್ಳಿಹಾಕದೆ ಕೇಳಿಸಿಕೊಳ್ಳಬೇಕಾಗುತ್ತದೆ. ತನ್ನ ನಂತರ ತಂದೆತಾಯಿ, ಹೆಂಡತಿ, ಮಕ್ಕಳು ಎಲ್ಲಿರಬೇಕೆಂದು ಯೋಚಿಸುವ ಹಕ್ಕು ಅವನಿಗಿದೆ.

ಅವನಿಗೆ ಹೇಳಬೇಡಿ ಡಾಕ್ಟ್ರೇ

ಸ್ಕ್ಯಾನ್ ವರದಿ ಕೆಟ್ಟದಾಗಿದ್ದರೆ ತಂದೆ ಮೊದಲು ಒಳಗೆ ಹೋಗಿ ವೈದ್ಯರನ್ನು ಬೇಡಿಕೊಳ್ಳುವುದು ಇಲ್ಲಿನ ಆಸ್ಪತ್ರೆಗಳಲ್ಲಿ ದಿನನಿತ್ಯದ ಮಾತು: 'ಅವನಿಗೆ ಹೇಳಬೇಡಿ ಡಾಕ್ಟ್ರೇ, ಧೈರ್ಯಗೆಡುತ್ತಾನೆ.' ಕಾನೂನಿನ ಪ್ರಕಾರ ಪ್ರಾಪ್ತವಯಸ್ಕ ರೋಗಿಯ ಒಪ್ಪಿಗೆ ಅವನದೇ, ಮಾಹಿತಿಯೂ ಅವನದೇ. ವ್ಯವಹಾರದಲ್ಲೂ ಮುಚ್ಚಿಡುವುದು ನಡೆಯುವುದಿಲ್ಲ. ಮೊಬೈಲ್ ಕೈಯಲ್ಲಿರುವ ಮೂವತ್ತೈದರ ಮನುಷ್ಯ ತನ್ನ ವರದಿಯನ್ನು ತಾನೇ ಓದಿಕೊಂಡಿರುತ್ತಾನೆ. ಆಮೇಲೆ ಮನೆಯಲ್ಲಿ ಇಬ್ಬರೂ ಪರಸ್ಪರ ಗೊತ್ತಿಲ್ಲದವರಂತೆ ನಟಿಸುತ್ತಾರೆ, ಮುಖ್ಯವಾದ ಮಾತುಗಳೆಲ್ಲ ಉಳಿದುಹೋಗುತ್ತವೆ. ಎಷ್ಟು ತಿಳಿಯಬೇಕು, ಯಾರಿಗೆ ತಿಳಿಸಬೇಕು ಎಂದು ಮಗನನ್ನೇ ಕೇಳಿ ಮೊದಲ ಭೇಟಿಯಲ್ಲೇ ವೈದ್ಯರಿಗೆ ಹೇಳಿಸುವುದು ಇದಕ್ಕಿಂತ ವಾಸಿ.

ತಂದೆತಾಯಿ ಕೋಣೆಯಿಂದ ಹೊರಗೆ ಹೋಗಬೇಕಾದ ಸಂದರ್ಭವೂ ಒಂದಿದೆ. ಚಿಕಿತ್ಸೆಗೆ ಮುನ್ನ ಸಂತಾನಶಕ್ತಿ ಉಳಿಸಿಕೊಳ್ಳುವ, ಚಿಕಿತ್ಸೆಯ ವೇಳೆ ಗರ್ಭಧಾರಣೆ ತಡೆಯುವ ಮಾತು ಬರುತ್ತದೆ. ತಾಯಿ ಪಕ್ಕದಲ್ಲಿ ಕುಳಿತಿದ್ದರೆ ಯಾವ ಮಗನೂ ಮಗಳೂ ಬಾಯಿಬಿಡುವುದಿಲ್ಲ. ಮದುವೆಯಾಗಿದ್ದರೆ ವೈದ್ಯರೆದುರಿನ ಕುರ್ಚಿ ಸೊಸೆಯದೋ ಅಳಿಯನದೋ. ಫೈಲು ಯಾರ ಕೈಯಲ್ಲಿ ಎಂಬ ಬಗ್ಗೆ ಅತ್ತೆ ಸೊಸೆಯರ ನಡುವೆ ನಡೆಯುವ ಶೀತಲ ಸಮರದಿಂದ ಬಳಲುವುದು ರೋಗಿಯೇ.

ಕಾಯಿಲೆ ಔಷಧಕ್ಕೆ ಬಗ್ಗದಿದ್ದಾಗ ಮಾತ್ರ ನೆನಪಾಗುವ ಉಪಶಾಮಕ ಚಿಕಿತ್ಸೆಯನ್ನು ಆರಂಭದಿಂದಲೇ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ನೋವು, ನಿದ್ರೆ, ಉಸಿರಾಟದ ತೊಂದರೆಗೆ ಅಲ್ಲಿ ಬೇರೆಯದೇ ಪರಿಣತಿಯಿದೆ. ಮಾರತ್ತಹಳ್ಳಿಯ ಕರುಣಾಶ್ರಯ 1999ರಿಂದ ಮುಂದುವರಿದ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ನೀಡುತ್ತಿದೆ. ಅದರ ತಂಡ ಮನೆಗೂ ಬರುತ್ತದೆ. ವೈದ್ಯರು ಬರೆದುಕೊಟ್ಟ ಮಾರ್ಫಿನ್ನಿಗೆ ಹೆದರಿ ಮಗನನ್ನು ನರಳಲು ಬಿಡಬೇಕಾಗಿಲ್ಲ.

ಗುಣವಾಗುವ ಭರವಸೆ ಇಲ್ಲದಾಗ ಕೃತಕ ಉಸಿರಾಟದಂಥ ಜೀವರಕ್ಷಕ ಚಿಕಿತ್ಸೆ ಬೇಕೇ ಬೇಡವೇ ಎಂದು ಮೊದಲೇ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲಿ ಅವಕಾಶ ನೀಡಿ, 2023ರಲ್ಲಿ ಆ ವಿಧಾನವನ್ನು ಸರಳಗೊಳಿಸಿತು. ರಾಜ್ಯ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದರ ಜಾರಿಗೆ ಸುತ್ತೋಲೆ ಹೊರಡಿಸಿದೆ. ಸ್ವಸ್ಥ ಮನಸ್ಸಿನ ಯಾವುದೇ ಪ್ರಾಪ್ತವಯಸ್ಕ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ತಾನು ಮಾತನಾಡಲಾರದ ಸ್ಥಿತಿಯಲ್ಲಿ ತನ್ನ ಪರವಾಗಿ ತೀರ್ಮಾನಿಸುವವರ ಹೆಸರುಗಳನ್ನು ಅದರಲ್ಲಿ ಬರೆಯಬೇಕು. ಅದು ತಾಯಿಯ ಹೆಸರೇ ಆಗಿರಬೇಕೆಂದಿಲ್ಲ. ಹೆಂಡತಿಯದಾಗಬಹುದು, ಅಕ್ಕನದಾಗಬಹುದು, ಒಬ್ಬರಿಗಿಂತ ಹೆಚ್ಚಿನವರದೂ ಆಗಬಹುದು.