ಹೊಳೆಯ ಆಚೆ ದಡದ ಲೆಕ್ಕ

ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟಿದರೆ ಕುಮಾರಪಟ್ಟಣ. ಈ ದಡ ದಾವಣಗೆರೆ ಜಿಲ್ಲೆ, ಆ ದಡ ಹಾವೇರಿ ಜಿಲ್ಲೆ. ಸಂತೆಗೆ, ಕಾರ್ಖಾನೆ ಕೆಲಸಕ್ಕೆ, ಮದುವೆ ಮುಂಜಿಗೆ ಜನ ದಿನವೂ ಓಡಾಡುವ ದಾರಿಯಿದು. ಎರಡೂ ಕಡೆ ಅದೇ ಹೊಳೆಯ ನೀರು, ಅದೇ ಮಾರುಕಟ್ಟೆ, ಹೆಚ್ಚುಕಡಿಮೆ ಅದೇ ಮಾತು. ಆದರೆ 2011ರಲ್ಲಿ ಇಲ್ಲಿನ ಬಡ ಕುಟುಂಬವೊಂದರ ಯಜಮಾನನಿಗೆ ಹೃದಯದ ಶಸ್ತ್ರಚಿಕಿತ್ಸೆ ಬೇಕಾಗಿದ್ದರೆ, ಮನೆ ಯಾವ ದಡದಲ್ಲಿದೆ ಎನ್ನುವುದು ಹೊಲ ಮಾರಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುತ್ತಿತ್ತು.

ಕಾರಣ ವಾಜಪೇಯಿ ಆರೋಗ್ಯಶ್ರೀ. ಬಿಪಿಎಲ್ ಕಾರ್ಡ್ ಇದ್ದವರಿಗೆ ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗಳಿಗೆ ದೊಡ್ಡಾಸ್ಪತ್ರೆಯಲ್ಲಿ ಪುಕ್ಕಟೆ ಚಿಕಿತ್ಸೆ ಕೊಡಿಸುವ ಈ ಯೋಜನೆಯನ್ನು ಸರ್ಕಾರ 2010ರ ಫೆಬ್ರುವರಿಯಲ್ಲಿ ಆರಂಭಿಸಿತು. ಇಡೀ ರಾಜ್ಯಕ್ಕೆ ಒಮ್ಮೆಲೇ ಕೊಡಲಿಲ್ಲ. ಮೊದಲು ಗುಲ್ಬರ್ಗ ವಿಭಾಗ, ಆಮೇಲೆ ಬೆಳಗಾವಿ ವಿಭಾಗ. ಬೆಂಗಳೂರು ಮತ್ತು ಮೈಸೂರು ವಿಭಾಗಗಳು 2012ರ ತನಕ ಕಾಯಬೇಕಾಯಿತು. ಹಾಗಾಗಿ ಎರಡು ವರ್ಷಕ್ಕೂ ಹೆಚ್ಚು ಕಾಲ ರಾಜ್ಯದ ನಡುವೆ ಕಣ್ಣಿಗೆ ಕಾಣದ ಗೆರೆಯೊಂದು ಬಿದ್ದಿತ್ತು.

ಆಡಳಿತದ ಅನುಕೂಲಕ್ಕೆಂದು ಬಿದ್ದ ಆ ಗೆರೆ ಸಂಶೋಧಕರ ಕಣ್ಣಿಗೆ ಬೇರೆಯೇ ಆಗಿ ಕಂಡಿತು. ಸಮಾಜಕಾರ್ಯ ಕ್ಷೇತ್ರದಲ್ಲಿ ದುಡಿಯುವ ಎಲ್ಲರನ್ನೂ ಕಾಡುವ ಪ್ರಶ್ನೆಯೊಂದಕ್ಕೆ ಅಲ್ಲಿ ಉತ್ತರ ಅಡಗಿತ್ತು: ನಾವು ಈ ಕೆಲಸ ಮಾಡದೇ ಇದ್ದಿದ್ದರೆ ಏನಾಗುತ್ತಿತ್ತು?

ತಾನಾಗಿಯೇ ಇಳಿಯುವ ಜ್ವರ

ಯಾವುದೇ ಸಂಸ್ಥೆಯ ವಾರ್ಷಿಕ ವರದಿ ತೆರೆಯಿರಿ. ಶಿಬಿರಕ್ಕೆ ಬಂದವರೆಷ್ಟು, ಕುಡಿತ ಬಿಟ್ಟವರೆಷ್ಟು, ಶಾಲೆಗೆ ಮರಳಿದ ಮಕ್ಕಳೆಷ್ಟು ಎಂಬ ಪಟ್ಟಿ ಇರುತ್ತದೆ. ಪಕ್ಕದಲ್ಲಿ ನಗುಮೊಗದ ಫೋಟೊ. ಸುಳ್ಳೇನಲ್ಲ. ಆದರೆ ಅದರಿಂದ ಶಿಬಿರದ ಗುಣ ಗೊತ್ತಾಗುವುದಿಲ್ಲ.

ಮದ್ಯವರ್ಜನ ಶಿಬಿರವನ್ನೇ ನೋಡಿ. ಮನುಷ್ಯ ಅಲ್ಲಿಗೆ ಬರುವುದು ಯಾವಾಗ? ಕೆಲಸ ಹೋಗಿ, ಹೆಂಡತಿ ತವರಿಗೆ ಹೊರಟು, ಆರೋಗ್ಯ ಕೈಕೊಟ್ಟು, ಬದುಕು ಪಾತಾಳ ಮುಟ್ಟಿದಾಗ. ಪಾತಾಳ ಮುಟ್ಟಿದವನಿಗೆ ಇಳಿಯಲು ಇನ್ನು ಜಾಗವಿಲ್ಲ. ಶಿಬಿರ ಇರಲಿ, ಇಲ್ಲದಿರಲಿ, ಅಂಥವರಲ್ಲಿ ಒಂದಷ್ಟು ಮಂದಿ ಆರು ತಿಂಗಳಲ್ಲಿ ಕೊಂಚವಾದರೂ ಮೇಲೆ ಬಂದೇ ಬರುತ್ತಾರೆ. ಜ್ವರ ನೆತ್ತಿಗೇರಿದ ದಿನ ಕಟ್ಟಿದ ತಾಯಿತಕ್ಕೆ ಮರುದಿನ ಜ್ವರ ಇಳಿದ ಕೀರ್ತಿ ಸಲ್ಲುವಂತೆ, ಆ ಚೇತರಿಕೆಯ ಕೀರ್ತಿಯೂ ಶಿಬಿರಕ್ಕೆ ಸಲ್ಲುತ್ತದೆ. ಅದರ ಮೇಲೆ, ಶಿಬಿರಕ್ಕೆ ತಾವಾಗಿಯೇ ಬರುವವರು ಬಿಡಬೇಕೆಂಬ ಮನಸ್ಸು ಮಾಡಿಯೇ ಬಂದಿರುತ್ತಾರೆ. ಅವರನ್ನು ಶಿಬಿರ ಬದಲಿಸಿತೋ, ಆ ಮನಸ್ಸು ಬದಲಿಸಿತೋ?

ಹಾಗಾದರೆ ಫಲಾನುಭವಿಗಳನ್ನೇ ಕೇಳಿದರಾಯಿತಲ್ಲ ಎನ್ನಬಹುದು. ಅಮೆರಿಕದ ಕೇಂಬ್ರಿಜ್–ಸಾಮರ್‌ವಿಲ್‌ನ ಕತೆ ಈ ಭರವಸೆಗೂ ತಣ್ಣೀರೆರಚುತ್ತದೆ. ಆಸ್ಪತ್ರೆಯ ಸಮಾಜಕಾರ್ಯಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ವೈದ್ಯ ರಿಚರ್ಡ್ ಕ್ಯಾಬಟ್, ಹುಡುಗರು ದಾರಿ ತಪ್ಪದಂತೆ ತಡೆಯಲು 1930ರ ದಶಕದಲ್ಲಿ ಅಲ್ಲೊಂದು ಕಾರ್ಯಕ್ರಮ ರೂಪಿಸಿದರು. 506 ಹುಡುಗರನ್ನು ಗುಣಸ್ವಭಾವ ನೋಡಿ ಜೋಡಿ ಮಾಡಿದರು. ಪ್ರತಿ ಜೋಡಿಯಲ್ಲಿ ನಾಣ್ಯ ಚಿಮ್ಮಿ ಒಬ್ಬನಿಗೆ ಆಪ್ತ ಸಲಹೆಗಾರರ ಆಸರೆ ಕೊಟ್ಟರು, ಇನ್ನೊಬ್ಬನನ್ನು ಅವನ ಪಾಡಿಗೆ ಬಿಟ್ಟರು. ಸಲಹೆಗಾರರು ವರ್ಷಗಟ್ಟಲೆ ಆ ಹುಡುಗರ ಮನೆಗೆ ಹೋದರು, ಪಾಠ ಹೇಳಿಕೊಟ್ಟರು, ಬೇಸಿಗೆ ಶಿಬಿರಕ್ಕೆ ಕಳಿಸಿದರು. ಮೂವತ್ತು ವರ್ಷ ಕಳೆದ ಮೇಲೆ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಅವರನ್ನೆಲ್ಲ ಹುಡುಕಿ ತೆಗೆದರು. ಆಸರೆ ಪಡೆದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ‘ನಮಗೆ ಒಳ್ಳೆಯದಾಯಿತು’ ಎಂದರು. 1978ರಲ್ಲಿ ಪ್ರಕಟವಾದ ಲೆಕ್ಕ ಹೇಳಿದ್ದು ಬೇರೆ. ಆಸರೆ ಪಡೆದವರಲ್ಲೇ ಕುಡಿತದ ಚಟ, ಮತ್ತೆ ಮತ್ತೆ ಅಪರಾಧ, ಅಕಾಲ ಮರಣ ಹೆಚ್ಚಾಗಿದ್ದವು. ಪಕ್ಕದಲ್ಲಿ ಹೋಲಿಸಿ ನೋಡಲು ಆ ಇನ್ನೊಬ್ಬ ಹುಡುಗ ಇರದಿದ್ದರೆ, ಇದು ಯಶೋಗಾಥೆಯಾಗಿಯೇ ಉಳಿದುಬಿಡುತ್ತಿತ್ತು.

ನಾಣ್ಯ ಚಿಮ್ಮಲಾಗದ ಕಡೆ

ನಾಣ್ಯ ಚಿಮ್ಮಿ ಗುಂಪು ಮಾಡುವುದು ಪಕ್ಕಾ ಪ್ರಯೋಗ. ಆದರೆ ಹೊಡೆತ ತಿಂದು ರಾತ್ರೋರಾತ್ರಿ ಬಾಗಿಲು ತಟ್ಟಿದ ಹೆಣ್ಣುಮಗಳಿಗೆ ‘ತಡಿಯಮ್ಮ, ನಿನಗೆ ಆಶ್ರಯ ಕೊಡಬೇಕೋ ಬೇಡವೋ ಚೀಟಿ ಎತ್ತಿ ನೋಡ್ತೀನಿ’ ಎನ್ನಲಾದೀತೇ? ಕಾನೂನಿನ ಪ್ರಕಾರ ಎಲ್ಲರಿಗೂ ಸಲ್ಲಬೇಕಾದ ಪಿಂಚಣಿಯನ್ನು ಅರ್ಧ ಊರಿಗೆ ತಡೆಹಿಡಿಯಲಾದೀತೇ? ಸಮಾಜಕಾರ್ಯದ ಬಹುಪಾಲು ಕೆಲಸ ಇಂಥದ್ದೇ. ಇಲ್ಲಿ ಪ್ರಯೋಗಾಲಯದ ನಿಯಮ ನಡೆಯುವುದಿಲ್ಲ.

ಆಗ ನೆರವಿಗೆ ಬರುವುದು ಅರೆ ಪ್ರಾಯೋಗಿಕ ವಿಧಾನ. ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಕ್ಯಾಂಪ್‌ಬೆಲ್ ಮತ್ತು ಜೂಲಿಯನ್ ಸ್ಟ್ಯಾನ್ಲಿ 1963ರಲ್ಲಿ ಇದಕ್ಕೆ ಶಾಸ್ತ್ರದ ಚೌಕಟ್ಟು ಕಟ್ಟಿದರು. ಹೆಸರಿನಲ್ಲಿ ‘ಅರೆ’ ಇದೆಯೆಂದು ಅರೆಬೆಂದದ್ದು ಎಂದುಕೊಳ್ಳಬೇಡಿ. ಯಾರಿಗೆ ನೆರವು, ಯಾರಿಗಿಲ್ಲ ಎಂಬುದನ್ನು ಸಂಶೋಧಕ ನಿರ್ಧರಿಸುವುದಿಲ್ಲ. ಸರ್ಕಾರದ ಆದೇಶವೋ, ವಯಸ್ಸಿನ ಮಿತಿಯೋ, ಜಿಲ್ಲೆಯ ಗಡಿಯೋ ಅದನ್ನು ಮೊದಲೇ ನಿರ್ಧರಿಸಿರುತ್ತದೆ. ಬಿದ್ದ ಗೆರೆಯನ್ನು ಗುರುತಿಸಿ, ಅದರ ಎರಡೂ ಬದಿ ನಿಜಕ್ಕೂ ಹೋಲುತ್ತವೆಯೇ ಎಂದು ಅನುಮಾನದಿಂದ ಪರೀಕ್ಷಿಸುವುದಷ್ಟೇ ಅವನ ಕೆಲಸ. ಈ ವಿದ್ಯೆಯ ಅರ್ಧ ಭಾಗ ಅನುಮಾನವೇ.

ಕ್ಯಾಂಪ್‌ಬೆಲ್‌ರ ಅನುಮಾನ ಎಷ್ಟು ಹರಿತವಾಗಿತ್ತು ಎಂಬುದಕ್ಕೆ ಕನೆಕ್ಟಿಕಟ್ ರಾಜ್ಯದ ಉದಾಹರಣೆ ಸಾಕು. 1955ರಲ್ಲಿ ಅಲ್ಲಿ ರಸ್ತೆ ಅಪಘಾತಗಳಲ್ಲಿ 324 ಜನ ಸತ್ತರು. ಗವರ್ನರ್ ಅಬ್ರಹಾಂ ರಿಬಿಕಾಫ್ ಅತಿವೇಗದ ಚಾಲಕರ ಲೈಸೆನ್ಸ್ ಅಮಾನತು ಮಾಡುವ ಕಠಿಣ ಕ್ರಮ ತಂದರು. ಮರುವರ್ಷ ಸಾವಿನ ಸಂಖ್ಯೆ 284ಕ್ಕೆ ಇಳಿಯಿತು. ನಲವತ್ತು ಜೀವ ಉಳಿದವು ಎಂಬ ಘೋಷಣೆ ಹೊರಬಿತ್ತು. ಕ್ಯಾಂಪ್‌ಬೆಲ್ ಮತ್ತು ಅವರ ಸಹೋದ್ಯೋಗಿ ಎರಡು ವರ್ಷದ ಅಂಕಿಗೆ ತೃಪ್ತರಾಗದೆ, ಹಿಂದಿನ ಹಲವು ವರ್ಷಗಳ ಲೆಕ್ಕವನ್ನೂ ನೆರೆ ರಾಜ್ಯಗಳ ಲೆಕ್ಕವನ್ನೂ ಹರಡಿಕೊಂಡು ಕುಳಿತರು. ಸಂಖ್ಯೆ ಮೊದಲಿನಿಂದಲೂ ಏರುತ್ತ ಇಳಿಯುತ್ತಲೇ ಬಂದಿತ್ತು. 1955 ಅಸಾಧಾರಣವಾಗಿ ಕೆಟ್ಟ ವರ್ಷ. ಕೆಟ್ಟ ವರ್ಷವಾದ್ದರಿಂದಲೇ ಸರ್ಕಾರ ಎಚ್ಚೆತ್ತದ್ದು. ಹಾಗೆ ಎಚ್ಚೆತ್ತಾಗ ಏನು ಮಾಡಿದರೂ ಮರುವರ್ಷ ಒಂದಿಷ್ಟು ಇಳಿಕೆ ಕಾಣುವುದು ಸಹಜವೇ. ನೆತ್ತಿಗೇರಿದ ಜ್ವರದ ಕತೆಯೇ ಇಲ್ಲೂ.

ಮೂರು ಸಲ ಕಳೆದ ಲೆಕ್ಕ

ನಮ್ಮ ದೇಶದಲ್ಲಿ ಈ ವಿಧಾನವನ್ನು ಚೊಕ್ಕವಾಗಿ ಬಳಸಿದ ಒಂದು ಅಧ್ಯಯನ ಬಿಹಾರದ ಸೈಕಲ್ ಯೋಜನೆಯದ್ದು. 2006ರಲ್ಲಿ ನಿತೀಶ್ ಕುಮಾರ್ ಸರ್ಕಾರ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಎರಡು ಸಾವಿರ ರೂಪಾಯಿ ಕೊಡತೊಡಗಿತು. ಹೈಸ್ಕೂಲಿಗೆ ಹೋಗುವ ಹುಡುಗಿಯರು ಹೆಚ್ಚಾದರು. ಸೈಕಲ್‌ನಿಂದಲೇ ಹೆಚ್ಚಾದರೇ? ಅದೇ ಹೊತ್ತಿಗೆ ಬಿಹಾರದಲ್ಲಿ ರಸ್ತೆಗಳಾದವು, ಕಾನೂನು ಸುವ್ಯವಸ್ಥೆ ಸುಧಾರಿಸಿತು, ಕೈಯಲ್ಲಿ ದುಡ್ಡೂ ಓಡಾಡಿತು.

ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಈ ಸಿಕ್ಕನ್ನು ಬಿಡಿಸಿದ್ದು ಮೂರು ಸಲ ಕಳೆಯುವ ಲೆಕ್ಕದಿಂದ. ಯೋಜನೆ ಸಿಕ್ಕ ವಯಸ್ಸಿನ ಹುಡುಗಿಯರನ್ನು, ಅದು ಬರುವಷ್ಟರಲ್ಲಿ ಆ ತರಗತಿ ದಾಟಿದ್ದ ಅಕ್ಕಂದಿರ ಜೊತೆ ಇಟ್ಟು ನೋಡುವುದು ಮೊದಲ ಹೆಜ್ಜೆ. ರಸ್ತೆ, ಸುವ್ಯವಸ್ಥೆ ಇವೆಲ್ಲ ಹುಡುಗರಿಗೂ ಸಿಕ್ಕವಲ್ಲ, ಅವರಲ್ಲಿ ಆದ ಹೆಚ್ಚಳವನ್ನು ಇದರಿಂದ ಕಳೆಯುವುದು ಎರಡನೇ ಹೆಜ್ಜೆ. ಸೈಕಲ್ ಇಲ್ಲದೆಯೂ ಹುಡುಗಿಯರು ಹುಡುಗರಿಗಿಂತ ವೇಗವಾಗಿ ಮುಂದೆ ಬರುತ್ತಿದ್ದರೆ? 2000ದ ನವೆಂಬರ್‌ವರೆಗೆ ಬಿಹಾರದ್ದೇ ಭಾಗವಾಗಿದ್ದ ಜಾರ್ಖಂಡ್‌ನಲ್ಲಿ ಎಷ್ಟು ಬದಲಾಯಿತೆಂದು ನೋಡಿ ಅದನ್ನೂ ಕಳೆಯುವುದು ಮೂರನೇ ಹೆಜ್ಜೆ. ಇಷ್ಟೆಲ್ಲ ಕಳೆದ ಮೇಲೂ ಉಳಿದದ್ದು ಶೇ 32ರ ಹೆಚ್ಚಳ. ಹುಡುಗ–ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಕುಗ್ಗಿತ್ತು.

2017ರಲ್ಲಿ ಪ್ರಕಟವಾದ ಆ ಅಧ್ಯಯನದ ಜೀವಾಳ ಇನ್ನೊಂದು ಮಾತಿನಲ್ಲಿದೆ. ಹೆಚ್ಚಳವೆಲ್ಲ ಬಹುಪಾಲು ಕಂಡದ್ದು ಹೈಸ್ಕೂಲು ಮೂರು ಕಿಲೋಮೀಟರ್‌ಗಿಂತ ದೂರವಿದ್ದ ಊರುಗಳಲ್ಲಿ. ಶಾಲೆ ಮನೆಯ ಹಿತ್ತಿಲಲ್ಲೇ ಇರುವವಳಿಗೆ ಸೈಕಲ್ ಏಕೆ? ದುಡ್ಡಿನಾಸೆಯೇ ಕಾರಣವಾಗಿದ್ದರೆ ಹತ್ತಿರದ ಊರಿನಲ್ಲೂ ಅಷ್ಟೇ ಹೆಚ್ಚಬೇಕಿತ್ತು. ಕೆಲಸ ಮಾಡಿದ್ದು ಗಾಲಿಯೇ ಎಂದು ದೂರದ ಅಂಕಿ ಸಾಕ್ಷಿ ನುಡಿಯಿತು.

ಮತ್ತೆ ಸೇತುವೆಗೆ

ಈಗ ಆರೋಗ್ಯಶ್ರೀಯ ಗೆರೆಗೆ ಬರೋಣ. ನೀರಜ್ ಸೂದ್, ಬೆಂಗಳೂರಿನ ಐಐಎಂನ ಅರ್ನಬ್ ಮುಖರ್ಜಿ ಮತ್ತು ಸಂಗಡಿಗರು ಗೆರೆಯ ಉತ್ತರಕ್ಕೆ ಯೋಜನೆ ಇದ್ದ 300 ಹಳ್ಳಿ, ದಕ್ಷಿಣಕ್ಕೆ ಯೋಜನೆ ಇನ್ನೂ ತಲುಪದ, ಆದರೆ ಅವುಗಳನ್ನೇ ಹೋಲುವ 272 ನೆರೆಯ ಹಳ್ಳಿ ಆರಿಸಿಕೊಂಡರು. ಅರವತ್ತು ಸಾವಿರಕ್ಕೂ ಹೆಚ್ಚು ಮನೆಗಳ ಮಾಹಿತಿ ಕಲೆಹಾಕಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಬಂತು. ಯೋಜನೆಯಡಿ ಚಿಕಿತ್ಸೆ ಸಿಗುವಂಥ ಕಾಯಿಲೆಗಳಿಂದ ಆದ ಸಾವಿನ ಪ್ರಮಾಣ ಗೆರೆಯ ದಕ್ಷಿಣದ ಬಿಪಿಎಲ್ ಕುಟುಂಬಗಳಲ್ಲಿ ಶೇ 0.90 ಇದ್ದರೆ, ಉತ್ತರದಲ್ಲಿ ಶೇ 0.32. ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಅಂಥ ದೊಡ್ಡಾಸ್ಪತ್ರೆ ಚಿಕಿತ್ಸೆಗೆ ಕೈಯಿಂದ ಬಿಚ್ಚಿದ ಹಣವೂ ಬಹಳ ಕಡಿಮೆ.

ಇಲ್ಲಿ ಜಾಣ ಓದುಗರು ಒಂದು ತಕರಾರು ಎತ್ತಬೇಕು. ತುಂಗಭದ್ರೆ ಬರೀ ವಿಭಾಗದ ಗಡಿಯಲ್ಲ. ಹರಿಹರದ ದಡ ಹಳೇ ಮೈಸೂರು ಸಂಸ್ಥಾನದ್ದು, ಆಚೆ ದಡ ಮುಂಬೈ ಪ್ರಾಂತದ್ದು. ಶಾಲೆ, ಆಸ್ಪತ್ರೆ, ರಸ್ತೆಗಳಲ್ಲಿ ಎರಡು ಆಡಳಿತಗಳ ಚರಿತ್ರೆ ಬೇರೆ ಬೇರೆ. ಹೀಗಿರುವಾಗ ವ್ಯತ್ಯಾಸಕ್ಕೆ ಯೋಜನೆಯೇ ಕಾರಣ, ಹಳೆಯ ಗಡಿಯಲ್ಲ ಎನ್ನುವುದು ಹೇಗೆ?

ಉತ್ತರ ಎಪಿಎಲ್ ಕುಟುಂಬಗಳಲ್ಲಿತ್ತು. ಅವರೂ ಅದೇ ಹಳ್ಳಿಗಳವರು, ಅದೇ ರಸ್ತೆ ಅದೇ ಗಾಳಿಯವರು. ಆದರೆ ಅವರಿಗೆ ಎರಡೂ ಕಡೆ ಯೋಜನೆ ಸಿಗುತ್ತಿರಲಿಲ್ಲ. ಕಾರಣ ಸೀಮೆಯ ಗುಣವೇ ಆಗಿದ್ದರೆ ಅವರ ಸಾವಿನ ಪ್ರಮಾಣದಲ್ಲೂ ಅದು ಕಾಣಬೇಕಿತ್ತು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಾರ್ಡ್ ಇದ್ದವರಲ್ಲಿ ಮಾತ್ರ ಅಂತರ, ಇಲ್ಲದವರಲ್ಲಿ ಇಲ್ಲ. ಪಕ್ಕದ ಮನೆಯವರು ಬಂದು ಸಾಕ್ಷಿ ಹೇಳಿದಂತಾಯಿತು.

ಹಾಗೆಂದು ಇದು ಶಿಲಾಶಾಸನವಲ್ಲ. ಇಂಥ ಅಧ್ಯಯನ ಗೆರೆಯ ಆಸುಪಾಸಿನ ಊರುಗಳ ಬಗ್ಗೆ ಹೇಳುತ್ತದೆ. ಬೀದರ್‌ನ ತುದಿಗೋ ಚಾಮರಾಜನಗರದ ಕಾಡಂಚಿಗೋ ಅದೇ ಅಂಕಿಯನ್ನು ಹೊರಿಸಲಾಗದು. ಸಾವು ತಗ್ಗಿದ್ದು ಶಸ್ತ್ರಚಿಕಿತ್ಸೆಯಿಂದಲೋ, ಊರೂರಿನಲ್ಲಿ ನಡೆದ ತಪಾಸಣಾ ಶಿಬಿರಗಳಿಂದಲೋ, ರೋಗಿಯ ಕೈಹಿಡಿದು ಆಸ್ಪತ್ರೆಯ ಕಾರಿಡಾರು ದಾಟಿಸಿದ ಆರೋಗ್ಯಮಿತ್ರರಿಂದಲೋ ಎಂದು ಗಡಿಯ ಲೆಕ್ಕವೊಂದೇ ಬಿಡಿಸಿ ಹೇಳಲಾರದು. ಅದಕ್ಕೆ ಜಗುಲಿಯ ಮೇಲೆ ಕೂತು ಜನರ ಮಾತು ಕೇಳುವ ಸಮಾಜ ಕಾರ್ಯಕರ್ತರೇ ಬೇಕು.

ಕಾಯುವವರ ಪಟ್ಟಿ

ಅರವತ್ತು ಸಾವಿರ ಮನೆ ಸುತ್ತುವ ಶಕ್ತಿ ಸಣ್ಣ ಸಂಸ್ಥೆಗೆ ಎಲ್ಲಿಂದ ಬರಬೇಕು ಎನ್ನಬಹುದು. ಬೇಕಾಗಿಲ್ಲ. ಸಮಾಜಕಾರ್ಯದಲ್ಲಿ ಕೈಗೆಟಕುವ ಹೋಲಿಕೆ ಗುಂಪು ನಮ್ಮ ಬಾಗಿಲಲ್ಲೇ ನಿಂತಿರುತ್ತದೆ. ಶಿಬಿರಕ್ಕೆ ನಲವತ್ತು ಜಾಗ, ಬಂದವರು ಎಪ್ಪತ್ತು ಜನ ಎಂದಿಟ್ಟುಕೊಳ್ಳಿ. ಉಳಿದ ಮೂವತ್ತು ಮಂದಿ ಮುಂದಿನ ಶಿಬಿರದವರೆಗೆ ಕಾಯುತ್ತಾರೆ. ಅವರೂ ಪಾತಾಳ ಮುಟ್ಟಿಯೇ ಬಂದವರು, ಅವರೂ ಮನಸ್ಸು ಮಾಡಿಯೇ ಬಂದವರು. ಶಿಬಿರದೊಳಗಿನ ನಲವತ್ತು ಜನಕ್ಕೆ ಕೇಳುವ ಪ್ರಶ್ನೆಗಳನ್ನೇ ಅವರಿಗೂ ಅದೇ ದಿನ ಕೇಳಿ ಬರೆದುಕೊಂಡರೆ, ಮೂರು ತಿಂಗಳ ನಂತರ ಮತ್ತೊಮ್ಮೆ ಕೇಳಿದರೆ, ತಾನಾಗಿಯೇ ಇಳಿಯುವ ಜ್ವರ ಎಷ್ಟು, ಶಿಬಿರ ಇಳಿಸಿದ ಜ್ವರ ಎಷ್ಟು ಎಂಬ ಅಂದಾಜು ಸಿಗುತ್ತದೆ. ಹತ್ತಿರದ ಕಾಲೇಜಿನ ಎಂಎಸ್‌ಡಬ್ಲ್ಯು ವಿದ್ಯಾರ್ಥಿಗಳಿಬ್ಬರು, ಒಂದು ರಿಜಿಸ್ಟರು ಇದ್ದರೆ ಕೆಲಸ ಸಾಗುತ್ತದೆ.

ಎರಡು ಎಚ್ಚರ ಬೇಕು. ಮೊದಲು ಬಂದವರಿಗೆ ಮೊದಲು ಜಾಗ ಎಂಬ ನಿಯಮ ಮುರಿದು, ಸುಲಭಕ್ಕೆ ಸುಧಾರಿಸುವವರನ್ನೇ ಒಳಗೆ ಕರೆದುಕೊಂಡರೆ ಹೋಲಿಕೆ ಕೆಟ್ಟಿತು. ಲೆಕ್ಕದ ಆಸೆಗೆ ಬಿದ್ದು ಯಾರನ್ನಾದರೂ ಬೇಕೆಂದೇ ಕಾಯಿಸಿದರೆ ಸಮಾಜಕಾರ್ಯವೇ ಕೆಟ್ಟಿತು.

2012ರಲ್ಲಿ ಆರೋಗ್ಯಶ್ರೀ ದಕ್ಷಿಣಕ್ಕೂ ಬಂತು, ಬರಲೇಬೇಕಿತ್ತು. ಗೆರೆ ಅಳಿಸಿಹೋಯಿತು. ಅಳಿಸುವ ಮುನ್ನ ಹೇಗಿತ್ತೆಂದು ಹಿಡಿದಿಟ್ಟದ್ದರಿಂದಲೇ ಯೋಜನೆಯ ಬೆಲೆ ನಮಗೆ ಇಂದು ಗೊತ್ತು. ಆ ಬೆಲೆ ಹೇಳಿದವರು ಚಿಕಿತ್ಸೆ ಪಡೆದವರಷ್ಟೇ ಅಲ್ಲ, ಈಚೆ ದಡದಲ್ಲಿ ಸರದಿ ಬಾರದೆ ಉಳಿದವರು ಕೂಡ. ನಮ್ಮ ವರದಿಗಳಲ್ಲಿ ಅವರಿಗೆ ಫೋಟೊ ಇರುವುದಿಲ್ಲ. ಜಾಗ ಸಾಲದೆ ಹಿಂದಕ್ಕೆ ಕಳಿಸಿದವರ ಹೆಸರು, ಊರು, ದಿನಾಂಕವನ್ನಾದರೂ ರಿಜಿಸ್ಟರಿನಲ್ಲಿ ಬರೆದಿಡೋಣ. ಲೆಕ್ಕಕ್ಕೂ ಬೇಕು, ಮುಂದಿನ ಶಿಬಿರಕ್ಕೆ ಕರೆಯಲಿಕ್ಕೂ ಬೇಕು.