ಹೋಟೆಲೊಂದು, ಅರ್ಥವೆರಡು

ಖಾನಾಪುರದಿಂದ ಬೆಳಗಾವಿಗೆ ನಿತ್ಯವೂ ರೈಲಿನಲ್ಲಿ ಬಂದು ಓದುವವನು ನಾನು. ಒಂದು ದಿನ ಬೆಳಗಾವಿ ನಿಲ್ದಾಣದಲ್ಲಿ ಅಮೇರಿಕದ ಪ್ರವಾಸಿಗರೊಬ್ಬರು ಹೋಟೆಲೆಲ್ಲಿದೆಯೆಂದು ವಿಚಾರಿಸಲು, ಇಡ್ಲಿ-ಚಹಾ ದೊರೆಯುವ ಅಂಗಡಿಯನ್ನು ತೋರಿಸಿದೆ. ಅವರಿಗೆ ಬೇಕಾದುದು ತಂಗಲು ಕೋಣೆ! ನಾಚಿ ತಲೆತಗ್ಗಿಸಿದೆ. ಅವರೋ ನಕ್ಕು, ಲಂಡನ್ನಿನಲ್ಲಿ ತಾವೂ ಮಹಡಿ ತಪ್ಪಿ ಅಲೆದುದನ್ನು ಹೇಳಿದರು. ಆಂಗ್ಲರ 'ಫಸ್ಟ್ ಫ್ಲೋರ್' ನಮ್ಮಲ್ಲಿಯಂತೆ ಮೊದಲ ಮಹಡಿ. ಅಮೇರಿಕದವರಿಗೆ ಅದು ನೆಲದಂತಸ್ತು. ನಮ್ಮ ಲಾರಿ ಅವರಿಗೆ ಟ್ರಕ್, ಪೆಟ್ರೋಲು ಗ್ಯಾಸ್. ಅಮೇರಿಕದ ಇಂಗ್ಲಿಷಿಗೆಂದೇ ನೋವಾ ವೆಬ್‌ಸ್ಟರನು 1828ರಲ್ಲಿ ನಿಘಂಟು ಪ್ರಕಟಿಸಿದನು. ದಿನಾಂಕವನ್ನು ಹಿಂದಕ್ಕೆ ತರುವ ನಮ್ಮ 'ಪ್ರಿಪೋನ್' ಆಕ್ಸ್‌ಫರ್ಡ್ ನಿಘಂಟನ್ನು ಸೇರಿದೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದವರಲ್ಲಿ ನಾನೇ ಮೊದಲಿಗ. ತಪ್ಪಾದೀತೆಂದು ತರಗತಿಯಲ್ಲಿ ಇಂಗ್ಲಿಷಿಗೆ ಬಾಯಿ ತೆರೆದವನಲ್ಲ. ಮಾತೃಭಾಷೆಯವರೇ ಎಡವುವ ಹಾದಿಯಲ್ಲಿ ನಮಗೇಕೆ ಅಂಜಿಕೆ? ಮಿತ್ರರೇ, ಮಾತನಾಡೋಣ, ತಿಳಿಯದಿದ್ದರೆ ಕೇಳೋಣ.